ಚಿಕ್ಕಕ್ಷರದ ಗಾಡಿ

ವಿಯೆನ್ನಾದ ಟ್ರಾಮ್‌ಗಳಲ್ಲಿ ಮೋಟಾರ್ ಇರುವ ಗಾಡಿಯ ಮಾದರಿಗೆ ದೊಡ್ಡಕ್ಷರ, ಅದರ ಬೆನ್ನಿಗೆ ಜೋಡಿಸುವ ಟ್ರೇಲರ್‌ಗೆ ಚಿಕ್ಕಕ್ಷರ. ದೊಡ್ಡ ಎಂ ಎಳೆಯುತ್ತದೆ, ಚಿಕ್ಕ ಎಂ ಹಿಂದೆ ಬರುತ್ತದೆ. ಹಳೆಯ ಗಾಡಿಗಳನ್ನು ದುರಸ್ತಿ ಮಾಡುವ ಹವ್ಯಾಸಿಗಳ ಜೊತೆ ಸೇರಿದಾಗ ನಾನು ಕೇಳಿ ಪಡೆದದ್ದು ಚಿಕ್ಕ ಎಂ ಸಾಲಿನ, 1920ರ ದಶಕದ ಒಂದು ಟ್ರೇಲರ್. ಮೋಟಾರ್ ಗಾಡಿಗೆ ಕೈಗಳ ಕೊರತೆ ಎಂದೂ ಇರುವುದಿಲ್ಲ. ಆದರೆ ಬೆಳಗಿನ ಜನಜಂಗುಳಿಯನ್ನು ಹೊತ್ತದ್ದರಲ್ಲಿ ಟ್ರೇಲರ್‌ಗಳ ಪಾಲು ದೊಡ್ಡದು. 1897ರಲ್ಲಿ ಇಲ್ಲಿ ವಿದ್ಯುತ್ ಟ್ರಾಮ್ ಬಂದ ಮೇಲೆ ಎಷ್ಟೋ ಕುದುರೆ ಟ್ರಾಮ್‌ಗಳು ಟ್ರೇಲರ್‌ಗಳಾಗಿಯೇ ದುಡಿದವು.

ಮೊದಲು ಕಿಟಕಿಗಳು. ಮರದ ಚೌಕಟ್ಟಿನ ಕೆಳಮೂಲೆಗಳಲ್ಲಿ ನೀರು ನಿಂತು ಕೀಲು ಸಡಿಲವಾಗಿತ್ತು. ಪೂರ್ತಿ ಬದಲಿಸುವುದು ಸುಲಭ. ನಾನು ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಎಳೆಯ ದಿಕ್ಕು ನೋಡಿ ಕೂರಿಸಿದೆ. ಹಳೆಯ ಮರ ಉಳಿದಷ್ಟೂ ಅದು ಆ ಗಾಡಿಯೇ ಆಗಿರುತ್ತದೆ ಎಂಬುದು ನನ್ನ ಹಟ.

ಬಾಗಿಲುಗಳ ಬಳಿ ಊರಿನ ಚರಿತ್ರೆಯೇ ಇದೆ. ವಿಯೆನ್ನಾದಲ್ಲಿ 1938ರ ಸೆಪ್ಟೆಂಬರ್‌ವರೆಗೂ ನಮ್ಮಂತೆ ರಸ್ತೆಯ ಎಡಬದಿಯ ಸಂಚಾರವಿತ್ತು. ಬಲಕ್ಕೆ ಬದಲಾದಾಗ ಹತ್ತಿಳಿಯುವ ಬದಿಯೂ ಬದಲಾಯಿತು. ಇದನ್ನು ತಿಳಿಯದೆ ಹಳೆಯ ಗಾಡಿಯ ಬಾಗಿಲು, ಮೆಟ್ಟಿಲುಗಳ ಮೇಲೆ ಉಳಿ ಇಡಬಾರದು.

ನನಗೆ ಅತ್ಯಂತ ಇಷ್ಟವಾದದ್ದು ಬ್ರೇಕಿನ ಕೆಲಸ. ಟ್ರೇಲರ್‌ಗೆ ಮೋಟಾರ್ ಇಲ್ಲ, ಆದರೂ ಮುಂದಿನ ಗಾಡಿಯ ಜೊತೆಗೇ ನಿಲ್ಲಬೇಕು. ಚಾಲಕ ಹಿಡಿಕೆಯನ್ನು ಬ್ರೇಕಿನ ಕಡೆ ತಿರುಗಿಸಿದಾಗ ಮೋಟಾರ್‌ಗಳೇ ಜನರೇಟರ್‌ಗಳಾಗುತ್ತವೆ. ಆ ವಿದ್ಯುತ್ತು ಜೋಡಣೆಯ ಕೇಬಲ್ಲಿನ ಮೂಲಕ ಟ್ರೇಲರ್‌ನ ಅಡಿಯಲ್ಲಿರುವ ತಂತಿಯ ಸುರುಳಿಗೆ ಹರಿಯುತ್ತದೆ. ಸುರುಳಿ ಕಬ್ಬಿಣದ ದಿಂಡನ್ನು ಒಳಗೆಳೆದುಕೊಳ್ಳುತ್ತದೆ. ಸರಳುಗಳು ಬ್ರೇಕಿನ ಕಟ್ಟೆಗಳನ್ನು ಚಕ್ರಕ್ಕೆ ಒತ್ತುತ್ತವೆ. ವೇಗ ಇಳಿದಂತೆ ವಿದ್ಯುತ್ತೂ ಇಳಿದು ಹಿಡಿತ ಸಡಿಲವಾಗುತ್ತದೆ, ಆದ್ದರಿಂದ ಗಾಡಿಯನ್ನು ನಿಂತಲ್ಲೇ ನಿಲ್ಲಿಸಲು ಕೈ ಬ್ರೇಕು ಬೇಕೇ ಬೇಕು. ಇಷ್ಟು ಸರಳವಾದ, ಇಷ್ಟು ಜಾಣ ಏರ್ಪಾಟನ್ನು ನಾನು ಬೇರೆಲ್ಲೂ ಕೈಯಾರೆ ಬಿಚ್ಚಿ ನೋಡಿಲ್ಲ. ಸರಳುಗಳನ್ನು ಒಂದಕ್ಕೊಂದು ಜೋಡಿಸುವ ಪ್ರತಿಯೊಂದು ಕೀಲುಗುಂಡಿಯನ್ನು ಹೊರತೆಗೆದು, ಸವೆತ ಅಳೆದು, ಗುರುತಿನ ಚೀಟಿ ಕಟ್ಟಿದೆ. ಸವೆದ ಗುಂಡಿಗಳು ಒಂದೊಂದೂ ಕೊಂಚ ಕೊಂಚವೇ ಸಡಿಲವಾದರೂ ಸಾಕು, ದಿಂಡಿನ ಎಳೆತವೆಲ್ಲ ಆ ಸಂದುಗಳಲ್ಲೇ ಕಳೆದುಹೋಗಿ ಚಕ್ರಕ್ಕೆ ಒತ್ತಡ ತಲುಪುವುದಿಲ್ಲ.

ದೀಪಗಳಿಗೂ ಮುಂದಿನ ಗಾಡಿಯಿಂದಲೇ ವಿದ್ಯುತ್ತು. 600 ವೋಲ್ಟ್ ಆದ್ದರಿಂದ ಹಲವು ದೀಪಗಳು ಒಂದೇ ಸರಣಿಯಲ್ಲಿರುತ್ತವೆ. ಒಂದು ಸುಟ್ಟರೆ ಆ ಸಾಲೇ ಕತ್ತಲು. ಕಂಡಕ್ಟರ್ ಎಳೆಯುವ ಗಂಟೆಯ ಹಗ್ಗವನ್ನೂ ಹೊಸದಾಗಿ ಕಟ್ಟಿದೆ. ಈ ನಗರದಲ್ಲಿ 1996ರವರೆಗೂ ಟ್ರಾಮ್ ಕಂಡಕ್ಟರ್‌ಗಳಿದ್ದರು, ಹಾಗಾಗಿ ಹಗ್ಗ ಎಷ್ಟು ಬಿಗಿಯಿರಬೇಕು ಎಂದು ಹೇಳುವ ಹಿರಿಯರು ಇನ್ನೂ ಸಿಗುತ್ತಾರೆ. ಅವರನ್ನು ಕೇಳಿಯೇ ಕಟ್ಟಬೇಕು.

ಇಂಥ ಗಾಡಿಗೆ ಕೈ ಹಾಕುವವರು ಮೊದಲು ಚಾವಣಿಯನ್ನು ನೋಡಲಿ. ಅಲ್ಲಿನ ಕ್ಯಾನ್ವಾಸ್ ಬಟ್ಟೆ ಬಿರುಕು ಬಿಟ್ಟಿದ್ದರೆ ಕಿಟಕಿ, ಬಣ್ಣ, ವಾರ್ನಿಷ್ ಎಲ್ಲವೂ ಆಮೇಲೆ. ನೀರು ಮೇಲಿನಿಂದ ಇಳಿಯುತ್ತಿರುವಾಗ ಕೆಳಗಿನ ಮರಕ್ಕೆ ಮಾಡಿದ ಯಾವ ಕೆಲಸವೂ ನಿಲ್ಲುವುದಿಲ್ಲ.