ಕ್ಲ್ಯಾಂಪರ್ ಕಟ್ಟುವವರಿಗೊಂದು ಸಲಹೆ

ಎಸಿ ಸಂಕೇತದ ಆಕಾರವನ್ನು ಕೆಡಿಸದೆ ಅದರ ಡಿಸಿ ಮಟ್ಟವನ್ನಷ್ಟೇ ಬದಲಿಸುವ ಸರ್ಕ್ಯೂಟೇ ಕ್ಲ್ಯಾಂಪರ್. ಆ ಮಟ್ಟವನ್ನು ಮೇಲಕ್ಕೆತ್ತಬೇಕಾದರೆ, ಕೆಪಾಸಿಟರನ್ನು ಸರಣಿಯಲ್ಲಿಟ್ಟು, ಡಯೋಡಿನ ಕ್ಯಾಥೋಡನ್ನು ಔಟ್‌ಪುಟ್ ಕಡೆಗೂ ಆನೋಡನ್ನು ಗ್ರೌಂಡಿಗೂ ಜೋಡಿಸಿ, ಡಯೋಡಿಗೆ ಸಮಾಂತರವಾಗಿ ಒಂದು ರೆಸಿಸ್ಟರ್ ಹಾಕಿದರೆ ಸಾಕು. ಋಣ ಅರ್ಧಚಕ್ರದಲ್ಲಿ ಡಯೋಡ್ ವಿದ್ಯುತ್ ಹರಿಯಗೊಟ್ಟು ಕೆಪಾಸಿಟರ್ ತುಂಬಿಕೊಳ್ಳುತ್ತದೆ; ಆ ವೋಲ್ಟೇಜೇ ಮುಂದೆ ಸಂಕೇತಕ್ಕೆ ಕೂಡುತ್ತಾ ಹೋಗುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬಳಸುವವರು ಅದರ ಧನ ತುದಿ ಔಟ್‌ಪುಟ್ ಕಡೆಗಿರುವಂತೆ ನೋಡಿಕೊಳ್ಳಬೇಕು.

ಹೆಚ್ಚಿನವರು ಎಡವುವುದು ರೆಸಿಸ್ಟರ್, ಕೆಪಾಸಿಟರ್‌ಗಳ ಮೌಲ್ಯಗಳ ಆಯ್ಕೆಯಲ್ಲಿ. ಆ ಎರಡರ ಗುಣಲಬ್ಧವು (ಆರ್‌ಸಿ) ಸಂಕೇತದ ಅವಧಿಗಿಂತ ಕನಿಷ್ಠ 10 ಪಟ್ಟು ಇರಬೇಕೆಂಬುದು ರೂಢಿಯ ನಿಯಮವಾದರೂ, 100 ಪಟ್ಟು ಇಡುವುದು ನನಗೆ ಸರಿಯೆನಿಸುತ್ತದೆ. 1 ಕಿಲೋಹರ್ಟ್ಸ್ ಸಂಕೇತಕ್ಕೆ 1 ಮೈಕ್ರೊಫ್ಯಾರಡ್ ಮತ್ತು 100 ಕಿಲೋಓಮ್ ಹೊಂದುತ್ತವೆ. ಆದರೆ ಮುಂದಿನ ಹಂತದ ಇನ್‌ಪುಟ್ ರೋಧ 10 ಕಿಲೋಓಮ್ ಇದ್ದರೆ, ಒಟ್ಟು ರೋಧ ಸುಮಾರು 9 ಕಿಲೋಓಮಿಗೆ ಇಳಿದು ತರಂಗದ ತಲೆ ವಾಲುತ್ತದೆ; ಅಂಥಲ್ಲಿ ನಡುವೆ ಆಪ್‌ಆಂಪ್ ಬಫರ್ (ಹಿಂದಿನ ಹಂತಕ್ಕೆ ಹೊರೆಯಾಗದೆ ಸಂಕೇತವನ್ನು ದಾಟಿಸುವ ಹಂತ) ಹಾಕಿರಿ.

ಸಿಲಿಕಾನ್ ಡಯೋಡಿನಲ್ಲಾಗುವ 0.7 ವೋಲ್ಟ್ ಇಳಿತವನ್ನು ಮರೆಯಬಾರದು: 5 ವೋಲ್ಟ್ ಶೃಂಗದ ಸಂಕೇತವು 0ಯಿಂದ 10ರವರೆಗಲ್ಲ, ಸುಮಾರು -0.7ರಿಂದ 9.3 ವೋಲ್ಟಿನವರೆಗೆ ನಿಲ್ಲುತ್ತದೆ. ಅಂದಹಾಗೆ, ಆಸಿಲೋಸ್ಕೋಪಿನ ಇನ್‌ಪುಟ್ ಜೋಡಣೆ (ಕಪ್ಲಿಂಗ್) ಡಿಸಿಯಲ್ಲಿರಲಿ. ಎಸಿಯಲ್ಲಿದ್ದರೆ ಸರ್ಕ್ಯೂಟ್ ಸರಿಯಾಗಿದ್ದರೂ ಡಿಸಿ ಮಟ್ಟದ ಪಲ್ಲಟವೇ ಕಾಣುವುದಿಲ್ಲ.