ಸೋಲ್ಡರಿಂಗ್ ಐರನ್ ತಾನಾಗಿ ಆಫ್ ಆಗುವಂತೆ ಮಾಡಿದ್ದು

ದಾವಣಗೆರೆಯ ಬೇಸಿಗೆಯಲ್ಲಿ ಕೆಲಸದ ನಡುವೆ ಕರೆಂಟು ಹೋದರೆ ಸ್ವಿಚ್ ಆರಿಸದೆ ಎದ್ದು ಹೋಗುವುದು ಸಹಜ. ಕರೆಂಟು ಬಂದಾಗ ಬೆಸುಗೆ ಹಾಕುವ ಐರನ್ ತಾನೇ ಕಾಯುತ್ತದೆ. 300 ಡಿಗ್ರಿ ದಾಟಿದ ತುದಿಯ ಪಕ್ಕ ಮಂಡಕ್ಕಿ ಕಟ್ಟಿದ ಕಾಗದ ಬಿದ್ದಿದ್ದರೂ ಅಪಾಯವೇ. ಬರೀ ಟೈಮರ್ ಹಾಕಿದಾಗ ಸರಿಹೋಗಲಿಲ್ಲ. ಕರೆಂಟು ಬಂದೊಡನೆ ಅದು ಐರನ್ ಆನ್ ಮಾಡಿ ಮೊದಲಿಂದ ಎಣಿಸುತ್ತಿತ್ತು. ಬೇಕಿದ್ದುದು ಬಟನ್ ಒತ್ತದೆ ಆನ್ ಆಗದ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್.

230 ವೋಲ್ಟ್ ಕಾಯಿಲ್‌ನ (ಸ್ವಿಚ್ ಎಳೆಯುವ ತಂತಿ ಸುರುಳಿಯ) 8 ಪಿನ್ ರಿಲೇ, ಅದರ ಬೇಸ್, 30 ನಿಮಿಷಕ್ಕೆ ಇಟ್ಟ ಆನ್-ಡಿಲೇ ಟೈಮರ್ (ಕರೆಂಟು ಸಿಕ್ಕಾಗಿನಿಂದ ಎಣಿಸಿ, ಸಮಯ ಮುಗಿದಾಗ ತನ್ನ ಸಂಪರ್ಕ ಬದಲಿಸುವಂಥದ್ದು), ಹಸಿರು ಮತ್ತು ಕೆಂಪು ಪುಶ್ ಬಟನ್, 1 ಆಂಪಿಯರ್ ಫ್ಯೂಸ್, ಐರನ್ ಚುಚ್ಚಲು ಸಾಕೆಟ್, ಮುಚ್ಚಳದ ಪ್ಲಾಸ್ಟಿಕ್ ಬಾಕ್ಸ್ ಸಾಕು. 25 ವ್ಯಾಟ್ ಐರನ್ ಎಳೆಯುವುದು ಸುಮಾರು 0.11 ಆಂಪಿಯರ್ ಮಾತ್ರ.

ಫ್ಯೂಸ್ ದಾಟಿದ ಫೇಸ್ ಮೊದಲು ಕೆಂಪು ಬಟನ್‌ನ ಎನ್‌ಸಿ (ಸಹಜವಾಗಿ ಕೂಡಿರುವ ಸಂಪರ್ಕ), ನಂತರ ಹಸಿರಿನ ಎನ್‌ಒ (ಸಹಜವಾಗಿ ತೆರೆದಿರುವ ಸಂಪರ್ಕ), ಟೈಮರ್‌ನ ಎನ್‌ಸಿ ಮೂಲಕ ರಿಲೇ ಕಾಯಿಲ್‌ಗೆ ಹೋಗಬೇಕು. ಕಾಯಿಲ್‌ನ ಇನ್ನೊಂದು ತುದಿ ನ್ಯೂಟ್ರಲ್‌ಗೆ. ರಿಲೇಯ ಒಂದು ಎನ್‌ಒ ಜೋಡಿ ಹಸಿರು ಬಟನ್‌ಗೆ ಸಮಾಂತರ. ಬೆರಳು ತೆಗೆದರೂ ರಿಲೇ ಹಿಡಿದು ನಿಲ್ಲುವುದು ಇದರಿಂದಲೇ. ಇನ್ನೊಂದು ಜೋಡಿ ಫೇಸನ್ನು ಸಾಕೆಟ್‌ಗೂ ಟೈಮರ್‌ಗೂ ಕೊಡುತ್ತದೆ. 30 ನಿಮಿಷ ಮುಗಿದೊಡನೆ ಟೈಮರ್‌ನ ಎನ್‌ಸಿ ತೆರೆದು ರಿಲೇ ಬಿಡುತ್ತದೆ, ಐರನ್ ಆಫ್ ಆಗುತ್ತದೆ.

ತಪ್ಪುವುದು ಇಲ್ಲೇ. ಟೈಮರ್‌ಗೆ ಮೇನ್ಸ್‌ನಿಂದ ನೇರ ಫೇಸ್ ಕೊಟ್ಟರೆ ಪ್ಲಗ್ ಹಾಕಿದಾಗಿನಿಂದಲೇ ಎಣಿಕೆ ಶುರು. ಅರ್ಧ ಗಂಟೆ ಕಳೆದ ಮೇಲೆ ಅದರ ಎನ್‌ಸಿ ತೆರೆದೇ ಇರುತ್ತದೆ, ಹಸಿರು ಎಷ್ಟು ಒತ್ತಿದರೂ ರಿಲೇ ಎಳೆಯುವುದಿಲ್ಲ. ಅರ್ಥ್ ವೈರ್ ಮಾತ್ರ ಎಲ್ಲೂ ಕಡಿಯದೆ ಸಾಕೆಟ್ ತಲುಪಲಿ.

ಜಾಯಿಂಟ್ ನಡುವೆ ಐರನ್ ಆರಿದರೆ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆಗುತ್ತದೆ. ದೊಡ್ಡ ಬೋರ್ಡ್ ಹಿಡಿಯುವ ಮುನ್ನ ಕೆಂಪು ಒತ್ತಿ ಒಂದೆರಡು ಸೆಕೆಂಡು ಬಿಟ್ಟು ಹಸಿರು ಒತ್ತಿ, ಪೂರ್ತಿ 30 ನಿಮಿಷ ಸಿಗುತ್ತದೆ.