ಇಪ್ಪತ್ತೆಂಟು ಕಾಳು ಜೋಳ, ಹನ್ನೊಂದು ವರ್ಷದ ವಾಟ್ನಿ ದಾವೆ

ಕೋರ್ಟಿನ ಜಗಳವನ್ನು ಮಧ್ಯಸ್ಥರ ಮುಂದೆ ಕೂತು ಮಾತಾಡಿ ಬಗೆಹರಿಸುವ ಮೀಡಿಯೇಶನ್ ಕೆಲಸಕ್ಕೆ ನಾನು ಇಳಿದಾಗ, “ಅಮೆರಿಕಾದವರ ಪದ್ಧತಿ ನಮ್ಮ ಮುಧೋಳ-ಜಮಖಂಡಿ ಮಂದಿ ಮುಂದ ನಡ್ಯಾಂಗಿಲ್ಲ ವಕೀಲ್ರ” ಅಂತ ಬಾರ್ ರೂಮಿನಲ್ಲಿ ಹಿರಿಯರೊಬ್ಬರು ಅಂದಿದ್ದರು. ಹೋದ ತಿಂಗಳು ಅವರೇ ಎರಡು ಹಳೆಯ ವಾಟ್ನಿ (ಆಸ್ತಿ ಪಾಲಿನ ದಾವೆ) ಫೈಲು ಹಿಡಿದುಕೊಂಡು ಬಂದು, “ಇವನ್ನೂ ಮೀಡಿಯೇಶನ್‌ಗೆ ಕಳಿಸಾಕ ಮೆಮೊ ಹಾಕೀನಿ, ನೀವ ಕೂಡ್ರಿಸ್ರಿ” ಅಂದರು. ಅದಕ್ಕೇ ಇದನ್ನು ಬರೆಯಲು ಕೂತೆ.

ಅವರು ಅಮೆರಿಕಾ ಅಂದದ್ದು ಸುಳ್ಳಲ್ಲ. 1996ರ ಸುಮಾರಿಗೆ, ಎ.ಎಂ. ಅಹ್ಮದಿಯವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದಾಗ, ಸ್ಯಾನ್ ಫ್ರಾನ್ಸಿಸ್ಕೋದ ಐಎಸ್‌ಡಿಎಲ್‌ಎಸ್ ಎಂಬ ಸಂಸ್ಥೆ ನಮ್ಮ ಕೋರ್ಟುಗಳ ವಿಳಂಬದ ಅಧ್ಯಯನಕ್ಕೆ ಕೈಜೋಡಿಸಿತು. ಆಮೇಲೆ ನಮ್ಮ ನ್ಯಾಯಾಧೀಶರಿಗೆ, ವಕೀಲರಿಗೆ ತರಬೇತಿಯನ್ನೂ ಕೊಟ್ಟಿತು. 2002ರ ಜುಲೈನಲ್ಲಿ, ಕೇಸನ್ನು ಕೋರ್ಟಿನ ಹೊರಗಿನ ರಾಜಿಗೆ ಕಳಿಸಲು ಅವಕಾಶ ಕೊಡುವ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 89 ಜಾರಿಗೆ ಬಂತು, 2007ರ ಜನವರಿ 1ಕ್ಕೆ ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ ತೆರೆಯಿತು. ನಾನು ಮಧ್ಯಸ್ಥಿಕೆಯ 40 ಗಂಟೆಯ ತರಬೇತಿ ಮುಗಿಸಿ ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ.

ಮೊದಲ ವರ್ಷ ಹತ್ತೊಂಬತ್ತೋ ಇಪ್ಪತ್ತೋ ಕೇಸು ಬಂದವು. ರಾಜಿಯಲ್ಲಿ ಕೂಡಿದ್ದು ಎರಡು. ಗೌರವಧನ ಪೆಟ್ರೋಲಿಗೂ ಸಾಲಲಿಲ್ಲ. ಆ ದಿನಗಳಲ್ಲಿ ಬಿಟ್ಟುಕೊಟ್ಟ ನನ್ನ ಸ್ವಂತ ಕೇಸುಗಳ ಫೀಸು ಲೆಕ್ಕ ಹಾಕಿದರೆ ಲಕ್ಷದ ಹತ್ತಿರ ಹೋದೀತು. ಉದ್ದ ಟೇಬಲ್ಲಿನ ಆಚೆ ಈಚೆ ಕೂತರೆ ಅಣ್ಣತಮ್ಮಂದಿರು ಸಾಕ್ಷಿ ಕಟ್ಟೆ ಹತ್ತಿದವರ ಹಂಗೇ ಮಾತಾಡುತ್ತಿದ್ದರು. ಬಾಗಲಕೋಟೆ ನವನಗರದಲ್ಲಿ ಆರೂವರೆ ಸಾವಿರಕ್ಕೆ ಹಳೆಯದೊಂದು ದುಂಡು ಟೇಬಲ್ ತಂದು ಹಾಕಿದೆ.

ಟೇಬಲ್ ಬದಲಾಯಿತು, ನಾನು ಬದಲಾಗಿರಲಿಲ್ಲ. ನಮ್ಮಲ್ಲಿ ಹಿರಿಯರು ಕೂಡಿ ನ್ಯಾಯ ಹೇಳುವ ರೂಢಿ. ಎರಡೂ ಕಡೆಯ ಮಾತು ಕೇಳಿದ ಕೂಡಲೆ “ನೀ ಎರಡ ಎಕರೆ ತಗೋ, ನೀ ಮೂರ ತಗೋ” ಅನ್ನುವುದು ನನ್ನ ಬಾಯಿಗೂ ಬಂದುಬಿಡುತ್ತಿತ್ತು. ಅಂದ ಮರುಕ್ಷಣ ಒಂದು ಕಡೆಯವರು ಎದ್ದು ಹೋಗುತ್ತಿದ್ದರು. ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಇದರ ತದ್ವಿರುದ್ಧ: ತೀರ್ಪು ಹೇಳಬೇಡ, ಒಬ್ಬೊಬ್ಬರನ್ನೇ ಬೇರೆ ಕೂಡ್ರಿಸಿಕೊಂಡು ಕೇಳು, ಕೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಆಚೆ ಒಯ್ಯಬೇಡ. ಈ ಪ್ರತ್ಯೇಕ ಸಭೆಯೊಂದೇ ಆ ತರಬೇತಿಯಿಂದ ನನಗೆ ದಕ್ಕಿದ ನಿಜವಾದ ಆಸ್ತಿ. ಅದನ್ನು ನಂಬಲು ನನಗೆ ಎರಡು ವರ್ಷ ಹಿಡಿಯಿತು.

ನಂಬಿಕೆ ಬಂದದ್ದು ಒಂದು ಏಳು ಎಕರೆ ಕಬ್ಬಿನ ಹೊಲದಿಂದ. (ಗುರುತು ಹತ್ತದಂತೆ ವಿವರ ಬದಲಿಸಿದ್ದೇನೆ.) ತಾಯಿ, ಇಬ್ಬರು ಗಂಡುಮಕ್ಕಳು, ದಾವೆ ಹಾಕಿದ ಒಬ್ಬಳು ಮಗಳು. ಹನ್ನೊಂದು ವರ್ಷದ ದಾವೆ. ಹೆಣ್ಣುಮಕ್ಕಳಿಗೂ ಹಿರಿಯರ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದ ಸುಪ್ರೀಂ ಕೋರ್ಟಿನ 2020ರ ಆಗಸ್ಟಿನ ವಿನೀತಾ ಶರ್ಮಾ ತೀರ್ಪು ಬಂದ ಮೇಲಂತೂ ಮಗಳ ಹಿಸ್ಸೆಯ ಬಗ್ಗೆ ವಾದಕ್ಕೆ ಏನೂ ಉಳಿದಿರಲಿಲ್ಲ. ಆದರೂ ತಾರೀಖು ಮುಂದೆ ಹೋಗುತ್ತಲೇ ಇತ್ತು. ಪ್ರತ್ಯೇಕ ಸಭೆಯಲ್ಲಿ ಆಕೆ ಮುಕ್ಕಾಲು ಗಂಟೆ ಹೊಲದ ಸುದ್ದಿಯನ್ನೇ ಎತ್ತಲಿಲ್ಲ. ಅಪ್ಪ ತೀರಿದ ವರ್ಷದಿಂದ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ ಅನ್ನುವುದನ್ನೇ ಹೇಳಿದರು.

ಇಲ್ಲಿ ಬಹಳ ಮಂದಿ ತಪ್ಪುತ್ತಾರೆ. ಸೀರೆ ಉಡಿಸಿ, ಉಡಿ ತುಂಬಿ, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಂಡು ರಾಜಿ ಆಯಿತು ಅನ್ನುತ್ತಾರೆ. ಅಂಥ ರಾಜಿ ನಾನು ಮಾಡಿಸುವುದಿಲ್ಲ. ಚೀಲದಿಂದ ಬಿಳಿಜೋಳ ತೆಗೆದು ಟೇಬಲ್ ಮೇಲೆ ಎಣಿಸಿದೆ. ಕಾಳಿಗೆ ಹತ್ತು ಗುಂಟೆ, ಏಳು ಎಕರೆಗೆ ಇಪ್ಪತ್ತೆಂಟು ಕಾಳು, ನಾಲ್ವರಿಗೆ ತಲಾ ಏಳು. ಬಾವಿಯ ಜಾಗಕ್ಕೆ ಒಂದು ಕಡಲೆ ಇಟ್ಟೆ. ಆಮೇಲೆ ನಾನು ಮಾತಾಡಲಿಲ್ಲ. ಹತ್ತು ನಿಮಿಷ ಯಾರೂ ಮುಟ್ಟಲಿಲ್ಲ. ಕೊನೆಗೆ ತಾಯಿ ಒಂದು ಬೆರಳಿನಿಂದ ಕಾಳು ಸರಿಸತೊಡಗಿದರು. ಮಗಳು ಏಳರ ಬದಲು ಆರು ಕಾಳಿಗೆ ಒಪ್ಪಿದರು. ಆದರೆ ಬಾವಿಯ ಮಗ್ಗುಲಿನ ನೆಲ, ವಾರಕ್ಕೆ ಎರಡು ದಿನ ನೀರಿನ ಪಾಳಿ. ಕಾಳು ಇಡುವ ಮೊದಲು ಅಣ್ಣನಿಗೆ ಒಂದು ಪ್ರಶ್ನೆ ಕೇಳಿರುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ರಾಜಿ ಆದರೆ ಮುಗಿಯಲಿಲ್ಲ. ಹಿಂದಿನ ಒಂದು ರಾಜಿಯಲ್ಲಿ ದಾವೆಯ ಶೆಡ್ಯೂಲಿನಲ್ಲಿ (ಆಸ್ತಿಪಟ್ಟಿಯಲ್ಲಿ) ಇಲ್ಲದ ಮನೆ ಜಾಗವನ್ನೂ ಸೇರಿಸಿಬಿಟ್ಟಿದ್ದೆ. ರಾಜಿ ಡಿಕ್ರಿಯನ್ನು ನೋಂದಾಯಿಸಬೇಕಿಲ್ಲ ಎಂಬ ನೋಂದಣಿ ಕಾಯ್ದೆ 17(2)(6)ರ ವಿನಾಯಿತಿ ದಾವೆಯ ಆಸ್ತಿಗೆ ಮಾತ್ರ ಅನ್ನುವುದು ಗೊತ್ತಿದ್ದೂ ಅವಸರದಲ್ಲಿ ತಪ್ಪಿದೆ. ಪಕ್ಷಗಾರರಿಗೆ ಸ್ಟಾಂಪು, ನೋಂದಣಿ ಅಂತ ಮೂವತ್ತೈದು ನಲವತ್ತು ಸಾವಿರ ಹೋಯಿತು. ಈಗ ಮೊದಲು ಪ್ಲೇಂಟ್ (ದಾವಾ ಅರ್ಜಿ) ತಿದ್ದುಪಡಿ, ಆಮೇಲೆ ರಾಜಿ ಅರ್ಜಿ. ಇನ್ನೊಂದರಲ್ಲಿ ಗಾಡಿದಾರಿ ಬರೆಯಲು ಮರೆತೆ. ಕಬ್ಬು ಕಡಿಯುವ ಹೊತ್ತಿಗೆ ಟ್ರ್ಯಾಕ್ಟರ್ ಬಾಂದಿನ ಮೇಲೆ ನಿಂತಿತು, ಡಿಕ್ರಿ ಜಾರಿ ಮಾಡಿಸಿರೆಂಬ ಎಕ್ಸಿಕ್ಯೂಷನ್ ಅರ್ಜಿ ಬಂತು. ಈಗ ದಾರಿಯ ಅಗಲ, ಪೈಪ್‌ಲೈನ್, ಪಂಪಿನ ಕರೆಂಟು ಬಿಲ್ಲು, ನಿಂತ ಬೆಳೆ ಯಾರದು, ಎಲ್ಲಾ ಸರ್ವೆ ನಕ್ಷೆಯ ಮೇಲೆ ಗುರುತಾಗದೆ ಸಹಿ ಇಲ್ಲ. ರಾಜಿ ಡಿಕ್ರಿಗೆ ಅಪೀಲಿಲ್ಲ. ಹಂಗಾಗಿ ಬರೆಯುವಾಗಲೇ ಬೆವರು ಸುರಿಸಬೇಕು.

ನಡುವೆ ಬೇರೆ ಪ್ರಯತ್ನವನ್ನೂ ಮಾಡಿದೆ. ಚೆಕ್ ಬೌನ್ಸ್ ಕೇಸು ಚೆನ್ನಾಗಿ ಕೂಡುತ್ತವೆ. ಆದರೆ ಕಂತನ್ನು ಕಬ್ಬಿನ ಬಿಲ್ಲು ಬರುವ ತಿಂಗಳಿಗೆ ಹೊಂದಿಸಬೇಕು, ಯುಗಾದಿಗೆ ಅಂತ ಬರೆದರೆ ಎರಡನೇ ಕಂತು ತಪ್ಪುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಹೋದ ಬೀಳಗಿ ಕಡೆಯ ಪರಿಹಾರದ ಕೇಸು ನಾಲ್ಕೈದು ಹಿಡಿದೆ, ಒಂದೂ ಆಗಲಿಲ್ಲ. ಎದುರಿಗೆ ಕೂತ ಅಧಿಕಾರಿಗೆ ನೂರು ರೂಪಾಯಿ ಹೆಚ್ಚಿಗೆ ಒಪ್ಪುವ ಅಧಿಕಾರವಿರಲಿಲ್ಲ. ರೈತರು ನಾಲ್ಕು ಸಲ ಬಂದು ಬಸ್ ಚಾರ್ಜು ಕಳಕೊಂಡರು. ಆ ಹೊಟ್ಟೆಸಂಕಟ ನನಗೆ ಈಗಲೂ ಹೋಗಿಲ್ಲ. ಒಪ್ಪುವ ಅಧಿಕಾರ ಇದ್ದವರು ಬರುವತನಕ ಅಂಥವನ್ನು ಮುಟ್ಟುವುದಿಲ್ಲ.

ಹೋದ ಮೂರು ವರ್ಷದಲ್ಲಿ ನೂರಾ ಹತ್ತರ ಆಸುಪಾಸು ಕೂಡ್ರಿಸಿದ್ದೇನೆ, ಅರವತ್ತಕ್ಕೆ ಮೇಲೆ ಕೂಡಿವೆ. ವಾಟ್ನಿಯಲ್ಲಿ ಇಷ್ಟು ತೆಗೆದವರು ನನಗೆ ತಿಳಿದಂತೆ ನಮ್ಮ ಕಡೆ ಬೇರೆ ಇಲ್ಲ. ಬಂದು ನೋಡುತ್ತೇವೆ ಅನ್ನುವ ಮಿತ್ರರನ್ನು ಒಳಗೆ ಬಿಡಲಾರೆ, ಗುಪ್ತತೆ ಅಂದರೆ ಗುಪ್ತತೆ. ದಾರಿ, ನೀರು, ನಿಂತ ಬೆಳೆಯ ಕಲಮುಗಳಿರುವ ನನ್ನ ರಾಜಿ ಅರ್ಜಿಯ ಕರಡು ಬೇಕಿದ್ದವರು ಮಾತ್ರ ಸಂಜೆ ಐದರ ಮೇಲೆ ಬಾರ್ ರೂಮಿಗೆ ಬನ್ನಿ, ಝೆರಾಕ್ಸ್ ಕೊಡುತ್ತೇನೆ.